ಓರಿಕ್ಸ್ ಕಾದವರ ಬಗ್ಗೆ ಇನ್ನಷ್ಟು ಬರೆಯಿರಿ
ಓಮಾನ್ ಮರುಭೂಮಿಯಲ್ಲಿ ಅರೇಬಿಯನ್ ಓರಿಕ್ಸ್ (ಉದ್ದ ಕೊಂಬಿನ, ಜಿಂಕೆಯಂಥ ಬಿಳಿ ಪ್ರಾಣಿ) ಕಾಯುವ ರೇಂಜರ್‌ಗಳ ಬಗ್ಗೆ ಲೇಖನ ಬರೆದಿದ್ದೀರಿ, ಖುಷಿಯಾಯ್ತು ಸರ್. ಆದರೆ ಆ ಕಾವಲು ಕೆಲಸ ಮಾಡಿದ ಅಲ್ಲಿನ ಹರಾಸೀಸ್ ಬುಡಕಟ್ಟಿನ ಜನರಿಗೆ ಎರಡೇ ಸಾಲು ಕೊಟ್ಟಿದ್ದು ಕಮ್ಮಿ ಆಯ್ತು.

1972ರಲ್ಲಿ ಜಿದ್ದತ್ ಅಲ್ ಹರಾಸೀಸ್ ಬಯಲಿನಲ್ಲಿ ಉಳಿದಿದ್ದ ಕೊನೆಯ ಓರಿಕ್ಸ್‌ಗಳನ್ನೂ ಬೇಟೆಗಾರರು ಮುಗಿಸಿದರು. 1982ರ ಜನವರಿಯಲ್ಲಿ ಮೃಗಾಲಯದ ಸಂತತಿಯ ಹತ್ತು ಪ್ರಾಣಿಗಳನ್ನು ಅದೇ ಬಯಲಿನ ಯಾಲೂನಿ ಎಂಬಲ್ಲಿ ಮತ್ತೆ ಬಿಟ್ಟರು. ಕಾಯೋಕೆ ಹೊರಗಿನವರನ್ನು ತರಲಿಲ್ಲ. ಅಲ್ಲೇ ಒಂಟೆ, ಆಡು ಸಾಕಿಕೊಂಡಿದ್ದ ಹರಾಸೀಸರಿಗೇ ಕೆಲಸ, ಸಂಬಳ ಕೊಟ್ಟರು. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಜಾಣತನ ಇದ್ದಿದ್ದೇ ಇಲ್ಲಿ. ಜಲ್ಲಿ ನೆಲದ ಮೇಲಿನ ಗೊರಸಿನ ಗುರುತು ನೋಡಿ ಹಿಂಡು ಎತ್ತ ಹೋಯಿತು ಅಂತ ಹೇಳುವ ಜನ ಅವರು. ಸಮುದ್ರದ ಕಡೆಯಿಂದ ಮಂಜು ಬಂದ ಬೆಳಗ್ಗೆ ಗಿಡದ ಮೇಲಿನ ಹನಿ ನೆಕ್ಕಿಯೇ ಓರಿಕ್ಸ್ ದಾಹ ತೀರಿಸಿಕೊಳ್ಳುತ್ತೆ. ಇಂಥ ಸೂಕ್ಷ್ಮ ಆಫೀಸಲ್ಲಿ ಕೂತವರಿಗೆ ಎಲ್ಲಿ ಕಾಣಬೇಕು, ಅಲ್ವಾ?

1996ಕ್ಕೆ ಸಂಖ್ಯೆ ಸುಮಾರು 450 ಮುಟ್ಟಿತ್ತು. ಆಮೇಲೆ ಕಳ್ಳರು ಬಂದರು. ಮಾಂಸಕ್ಕಲ್ಲ, ಜೀವಂತ ಹಿಡಿದು ಶ್ರೀಮಂತರ ಖಾಸಗಿ ಸಂಗ್ರಹಕ್ಕೆ ಮಾರೋಕೆ! 2007ಕ್ಕೆ ಉಳಿದಿದ್ದು 65. ಅದರ ಮೇಲೆ ತೈಲ ಹುಡುಕಬೇಕು ಅಂತ ಸರ್ಕಾರವೇ ಓರಿಕ್ಸ್‌ಗೆ ಮೀಸಲಾಗಿದ್ದ ರಕ್ಷಿತ ಪ್ರದೇಶದ ಶೇ. 90 ಭಾಗ ಕತ್ತರಿಸಿತು. ಯುನೆಸ್ಕೊ ತನ್ನ ವಿಶ್ವ ಪರಂಪರೆ ಪಟ್ಟಿಯಿಂದ ಮೊಟ್ಟಮೊದಲು ಹೊರಗಿಟ್ಟ ತಾಣ ಇದೇ. ನಿಮ್ಮ ಲೇಖನದಲ್ಲಿ ಈ ಭಾಗವೇ ಇಲ್ಲ. ಹದಿನೈದಿಪ್ಪತ್ತು ವರ್ಷ ಓರಿಕ್ಸ್ ಕಾವಲು ಮಾಡಿ ನಿವೃತ್ತರಾದ ರೇಂಜರ್ ಯಾರಾದರೂ ಸಿಕ್ಕರೆ, ಅವರ ಮಾತನ್ನು ಮುಂದಿನ ಕಂತಿನಲ್ಲಿ ಹಾಕ್ತೀರಾ?