ಗಿಡಾ ಹಚ್ಚಾಕ ನಾಕ್ ವರ್ಷ ಓದಬೇಕೇನು?

ಸಿಇಟಿ ಫಲಿತಾಂಶ ಬಂತು ಅಂದ್ರೆ ನನ್ನ ಫೋನಿಗೆ ಬಿಡುವಿಲ್ಲ. "ಮಗಳಿಗೆ ಬಿಎಸ್ಸಿ ಫಾರೆಸ್ಟ್ರಿ (ಅರಣ್ಯಶಾಸ್ತ್ರ) ಸಿಗಬಹುದು ಅಂತಾರೆ, ಸೇರಿಸೋದಾ ಬೇಡ್ವಾ?" ಅಂತ ಗುರುತಿದ್ದವರು, ಇಲ್ಲದವರು ಎಲ್ಲರೂ ಕೇಳುತ್ತಾರೆ. ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳೋ ಮಾತಲ್ಲ ಇದು. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ನಾನು ಹಾವೇರಿ ಕಡೆಯವಳು. ನಮ್ಮಲ್ಲಿ ಬೇವು, ಹುಣಸೆ, ಆಲ ಎಲ್ಲಾ 'ಗಿಡ'ವೇ. ಫಾರೆಸ್ಟ್ರಿ ಓದಲು ಶಿರಸಿಯ ಕಾಲೇಜಿಗೆ ಹೋಗ್ತೀನಿ ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು, "ಗಿಡಾ ಹಚ್ಚಾಕ ನಾಕ್ ವರ್ಷ ಓದಬೇಕೇನವಾ?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಕೊನೆಯ ವರ್ಷ, ಒಂದು ಉಪ್ಪಾಗೆ ಮರದ ಕೆಳಗೆ.

ಉಪ್ಪಾಗೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪಶ್ಚಿಮ ಘಟ್ಟದ ಕಾಡು ಹಣ್ಣು ಅದು. ಪುಟ್ಟ ಕುಂಬಳಕಾಯಿಯ ಹಾಗೆ ಮೈಮೇಲೆ ಗೀರು, ಹಣ್ಣಾದಾಗ ಹಳದಿ. ಮುರುಗಲಿನ (ಕೋಕಂ) ಹತ್ತಿರದ ಸಂಬಂಧಿ. ಸಿಪ್ಪೆ ಒಣಗಿಸಿದರೆ ಕರಿ ಹುಳಿ, ಬೀಜದಿಂದ ತುಪ್ಪ. ಮಲೆನಾಡಿನ ಮನೆಗಳಲ್ಲಿ ಆ ತುಪ್ಪವನ್ನು ದೋಸೆಗೂ ಹಾಕುತ್ತಾರೆ, ಒಡೆದ ಹಿಮ್ಮಡಿಗೂ ಹಚ್ಚುತ್ತಾರೆ. ಸಿಂಗಳೀಕಕ್ಕೂ ಇದು ಆಹಾರ. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಸಿಡ್ ತೂಕ ಇಳಿಸುತ್ತೆ ಅಂತ 1990ರ ದಶಕದಲ್ಲಿ ಹೊರದೇಶದಲ್ಲಿ ಸುದ್ದಿಯಾಯಿತು. 'ಗಾರ್ಸೀನಿಯಾ ಕ್ಯಾಂಬೋಜಿಯಾ' ಅಂತ ಡಬ್ಬಿ ಮೇಲೆ ಬರೆದು ಮಾತ್ರೆ ಮಾರಿದರು. ಅಲ್ಲಿ ಯಾರೋ ಸಣ್ಣ ಆಗಬೇಕು ಅಂತ ನುಂಗಿದ ಮಾತ್ರೆಗೆ ಇಲ್ಲಿ ಉತ್ತರ ಕನ್ನಡದ ಕಾಡಿನಲ್ಲಿ ಕೊಂಬೆ ಮುರಿಯಿತು. ಹಣ್ಣಾಗಲಿ ಅಂತ ಕಾದವನಿಗೆ ಏನೂ ಸಿಗಲ್ಲ, ಏಕೆಂದರೆ ಇನ್ನೊಬ್ಬ ಕಾಯಿಯಲ್ಲೇ ಕೊಯ್ದಿರುತ್ತಾನೆ. ಕೊಯ್ಲು ಬರೋದು ಸುರಿಯೋ ಮಳೆಯಲ್ಲಿ, ಬಿಸಿಲಿಗೆ ಒಣಗಿಸೋ ಮಾತೇ ಇಲ್ಲ. ರಾತ್ರಿ ಹಗಲು ಬೆಂಕಿ ಹಾಕಬೇಕು. ಅಂದ್ರೆ ಹಣ್ಣಿನ ಜೊತೆಗೆ ಸೌದೆಯೂ ಕಾಡಿನಿಂದಲೇ ಬರಬೇಕು.

ನನ್ನ ಪ್ರಾಜೆಕ್ಟ್ ಇದರ ಮೇಲೆಯೇ. ಎಷ್ಟು ಮರ ಇವೆ, ಎಷ್ಟು ಹಣ್ಣು ಬರುತ್ತೆ, ಅದರಲ್ಲಿ ಎಷ್ಟು ಕೊಯ್ದರೆ ಕಾಡಿಗೆ ತೊಂದರೆ ಇಲ್ಲ ಅಂತ ಲೆಕ್ಕ ಹಾಕೋದು. ನಮಗೆ ಕಲಿಸಿದ ಹಾಗೆ ಪ್ಲಾಟ್ ಹಾಕಿದೆ (ಅಂದ್ರೆ ಲೆಕ್ಕಕ್ಕೆ ಅಂತ ಕಾಡಿನಲ್ಲಿ ಒಂದಷ್ಟು ಜಾಗ ಗುರುತು ಮಾಡಿದೆ), ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪ್ ಸುತ್ತಿ ಅಳತೆ ತೆಗೆದುಕೊಂಡೆ, ಪ್ರತಿ ಮರಕ್ಕೂ ಹಳದಿ ಬಣ್ಣದ ಪಟ್ಟಿ ಎಳೆದೆ. ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದೂ ಗೊತ್ತಾಗದಷ್ಟು ಹುಮ್ಮಸ್ಸು. ಕೆಲವು ಮರಗಳ ಕಾಯಿ ತೂಗಿ ಸರಾಸರಿ ತೆಗೆದೆ. ಅದನ್ನು ಎಲ್ಲಾ ಮರಗಳಿಗೂ ಗುಣಿಸಿದೆ. ದೊಡ್ಡ ಸಂಖ್ಯೆ ಬಂತು, ಖುಷಿಯೂ ಆಯಿತು.

ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ ಒಂದು ದಿನ ಕಂಬಳಿ ಕೊಪ್ಪೆ ಹಾಕಿಕೊಂಡು ನನ್ನ ಹಿಂದೆಯೇ ಬಂದರು. ಬಣ್ಣ ಹಚ್ಚಿದ ಮರ ನೋಡಿ ನಿಂತರು. "ತಂಗೀ, ಇದಕ್ಯಾಕೆ ಬಣ್ಣ ಹಚ್ಚಿದ್ದೀ? ಇದು ಗಂಡು. ನಾ ಈ ಮನೆಗೆ ಬಂದಾಗಿಂದ ಒಂದು ಕಾಯಿ ಬಿಟ್ಟಿದ್ದು ಕಾಣಲಿಲ್ಲ." ಮುಂದಿನ ಮರ, "ಇದೂ ಗಂಡೇ." ಹಾಗೇ ನಡೆಯುತ್ತಾ ಹೋದರು. ನಾನು ಗುರುತು ಹಾಕಿದ ಮರಗಳಲ್ಲಿ ಹತ್ತಿರ ಹತ್ತಿರ ಅರ್ಧ ಗಂಡು ಮರ.

ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಹೂವೂ ಕಾಯಿಯೂ ಇಲ್ಲದಾಗ ಮರ ನೋಡಿ ಗಂಡೋ ಹೆಣ್ಣೋ ಹೇಳೋದಕ್ಕೆ ಆಗಲ್ಲ. ನಾನು ನೋಡಿದ ಕಾಯಿಯಿಲ್ಲದ ಮರಕ್ಕೆಲ್ಲಾ 'ಆಗಲೇ ಯಾರೋ ಕೊಯ್ದಿದ್ದಾರೆ' ಅಂತ ಬರೆದುಕೊಂಡಿದ್ದೆ! ನನ್ನ ಲೆಕ್ಕ ಹಾಗೇ ವರದಿಯಾಗಿ, ಯಾರಾದರೂ ಅದನ್ನು ನಂಬಿ 'ಇಷ್ಟು ಕೊಯ್ಯಬಹುದು' ಅಂದುಬಿಟ್ಟಿದ್ದರೆ? ಇರೋದರ ಎರಡರಷ್ಟು ಹಣ್ಣು ಕಾಗದದ ಮೇಲೆ ಇರುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನದಿಂದ ಅಜ್ಜಿಯ ಜೊತೆ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಅದಕ್ಕೇ ಕಾಲೇಜಿನವರಿಗೆ ನನ್ನ ಮಾತು ಇಷ್ಟು. ಊರಲ್ಲಿ ಇದ್ದು ಕಲಿಯುವುದನ್ನು ನಾಲ್ಕನೇ ವರ್ಷಕ್ಕೆ ಇಡಬೇಡಿ. ಮೊದಲ ವರ್ಷದಲ್ಲೇ ಇಡಿ, ಒಂದು ಪೂರ್ತಿ ಮಳೆಗಾಲ, ಒಂದೇ ಊರಲ್ಲಿ. ಬಸ್ಸಿನಲ್ಲಿ ಹೋಗಿ ಫೋಟೋ ತೆಗೆದುಕೊಂಡು ಸಂಜೆ ವಾಪಸ್ ಬರೋದು ಸಾಲದು. ಅಟ್ಟದ ಮೇಲೆ ಸಿಪ್ಪೆ ಹರಡಿ, ಕೆಳಗೆ ಹೊಗೆ ಕುಡಿಯುತ್ತಾ ಕೂತವರ ಪಕ್ಕ ಕೂತರೆ ಮಾರುಕಟ್ಟೆ, ಸೌದೆ, ಸಿಂಗಳೀಕ, ಸಾಲ ಎಲ್ಲಾ ಒಂದಕ್ಕೊಂದು ಹೇಗೆ ಗಂಟು ಹಾಕಿಕೊಂಡಿವೆ ಅಂತ ಕಾಣುತ್ತೆ. ಆಮೇಲೆ ಅಂಕಿಅಂಶ ಕಲಿಸಿ, ಆಗ ತಲೆಗೆ ಹೋಗುತ್ತೆ.

ಹಾಗಂತ ಕಾಲೇಜು ಬೇಡ ಅಂತಲ್ಲ, ಖಂಡಿತ ಅಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನು ನೋಡಿ. ರಾಮಪತ್ರೆ ಜಾತಿಯ ಮರಗಳ ಬೇರು ಕೆಸರಿನಿಂದ ಮಂಡಿಯ ಹಾಗೆ ಎದ್ದು ನಿಂತ ಜೌಗು ಕಾಡು ಅದು. ಗೇರು ಕುಟುಂಬದ ಒಂದು ಮರ ಅಲ್ಲಿ ಎಲ್ಲರ ಕಣ್ಣೆದುರೇ ಇತ್ತು. ಅದು ವಿಜ್ಞಾನಕ್ಕೇ ಹೊಸದು ಅಂತ 2000ದಲ್ಲಿ ಗುರುತಿಸಿ, ಆ ಕಾನಿನ ಹೆಸರನ್ನೇ ಇಟ್ಟವರು ಓದಿದವರೇ. ಉಪ್ಪಾಗೆಯಲ್ಲೂ ಹೆಣ್ಣು ಮರದ ಕುಡಿ ತಂದು ಕಸಿ ಕಟ್ಟೋದು ಬಂದಿದ್ದರಿಂದಲೇ ಇವತ್ತು ಜನ ತಮ್ಮ ಬೆಟ್ಟದಲ್ಲೇ (ತೋಟಕ್ಕೆ ಸೊಪ್ಪು ತರೋ ಜಾಗ) ಉಪ್ಪಾಗೆ ಬೆಳೆಯುತ್ತಿದ್ದಾರೆ. ಬೀಜ ಹಾಕಿದರೆ ಮೊಳೆಯೋದಕ್ಕೇ ತಿಂಗಳುಗಟ್ಟಲೆ ಬೇಕು, ಮೇಲಿಂದ ಅದು ಗಂಡೋ ಹೆಣ್ಣೋ ಅಂತ ಗೊತ್ತಾಗೋಕೆ ವರ್ಷಗಳೇ ಹೋಗುತ್ತವೆ. ಅಜ್ಜಿ ಯಾವ ಮರ ಹೆಣ್ಣು ಅಂತ ತೋರಿಸಬೇಕು, ನಾವು ಕಸಿ ಕಟ್ಟಬೇಕು. ಇಬ್ಬರೂ ಬೇಕು ಅಲ್ವಾ?

ಇದೇ ಶಿರಸಿಯ ಹತ್ತಿರ 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ, ಕಡಿಯಬಾರದು ಅಂತ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿಯ ಘೋಷಣೆ 'ಉಳಿಸು, ಬೆಳೆಸು, ಬಳಸು'. ಅದರಲ್ಲಿ 'ಬಳಸು' ಕೂಡ ಇದೆ, ಗಮನಿಸಿ. ಕಾಡು ಅಂದ್ರೆ ಯಾರೂ ಮುಟ್ಟಬಾರದು ಅನ್ನೋ ಮಾತನ್ನು ಕಾಡಿನ ಪಕ್ಕ ಬದುಕೋರು ಯಾವತ್ತೂ ಹೇಳಿಲ್ಲ.

ಕೆಲಸದ ವಿಷಯ ಬೇಗ ಹೇಳಿಬಿಡ್ತೀನಿ. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಹುದ್ದೆಗಳಿವೆ, ಆದರೆ ಎಲ್ಲರಿಗೂ ಸಿಗುವಷ್ಟಿಲ್ಲ. ಫಾರೆಸ್ಟ್ರಿ ಓದಿದವರಿಗೆ ಅದರಲ್ಲಿ ಹೆಚ್ಚು ಪಾಲು ಬೇಕು ಅಂತ ವಿದ್ಯಾರ್ಥಿಗಳು ಹೋರಾಡಿದ್ದಾರೆ, ನಾನು ಅವರ ಪರ. ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಪರೀಕ್ಷೆ ಬರೆಯಬಹುದು, ಎಂಎಸ್ಸಿ ಮಾಡಬಹುದು. ಆದರೆ ಬರೀ ಖಾಕಿ ಹಾಕೋ ಆಸೆಗೆ ಸೇರಿದವರು ನಾಲ್ಕು ವರ್ಷ ಕಷ್ಟಪಟ್ಟಿದ್ದನ್ನು ನೋಡಿದ್ದೇನೆ.

ಅಪ್ಪನಿಗೆ ನಾನು ಒಂದು ಸೀಸೆ ಉಪ್ಪಾಗೆ ತುಪ್ಪ ತಂದುಕೊಟ್ಟು ಇದೆಲ್ಲಾ ಹೇಳಿದೆ. ಹಿಮ್ಮಡಿಗೆ ಹಚ್ಚಿಕೊಳ್ಳುತ್ತಾ ಪೂರ್ತಿ ಕೇಳಿದರು. "ಹಂಗಾದ್ರ ಗಂಡು ಗಿಡಾ ಕಡದು ಹಾಕಿದ್ರ?" ಅಂದರು. ಹೆಣ್ಣು ಮರ ಕಾಯಿ ಕಟ್ಟೋಕೆ ಹತ್ತಿರದಲ್ಲಿ ಗಂಡೂ ಬೇಕು ಅಪ್ಪಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಓದಬೇಕ ಬಿಡು" ಅಂದರು.

ಈ ಸಲ ಸೀಟು ತಗೊಂಡವರು ಇನ್‌ಬಾಕ್ಸಿಗೆ ಬನ್ನಿ. ಆ ಅಜ್ಜಿಯ ಮನೆಗೆ ಕರೆದುಕೊಂಡು ಹೋಗುತ್ತೇನೆ. ಜುಲೈನಲ್ಲೇ ಬನ್ನಿ, ಆಗ ಅಟ್ಟ ತುಂಬಿರುತ್ತೆ.