ಹೈಟಿಯ ಹಸಿವಿನ ಫೋಟೊ ತೋರಿಸಿ ನೆರವು ಕೇಳುವುದು ಸರಿಯೇ?

ಪರ

2010ರ ಜನವರಿ 12ರ ಸಂಜೆ ಕೆರಿಬಿಯನ್ ಸಮುದ್ರದ ದೇಶ ಹೈಟಿಯಲ್ಲಿ ಭೂಮಿ ನಡುಗಿತು. ತೀವ್ರತೆ 7.0. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಅಧ್ಯಕ್ಷರ ಅರಮನೆಯೇ ಕುಸಿಯಿತು. ಸುಮಾರು 15 ಲಕ್ಷ ಜನ ಮನೆ ಕಳೆದುಕೊಂಡರು. ಅಲ್ಲಿಯವರೆಗೆ ಆ ದೇಶ ಎಲ್ಲಿದೆ ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಗೊತ್ತಾಗಿದ್ದೇ ಫೋಟೊಗಳಿಂದ.

ಅಮೆರಿಕದಲ್ಲಿ ಮೊಬೈಲಿನಿಂದ ಒಂದು ಮೆಸೇಜ್ ಕಳಿಸಿದರೆ 10 ಡಾಲರ್ ರೆಡ್ ಕ್ರಾಸ್‌ಗೆ ಹೋಗುತ್ತಿತ್ತು. ಹಾಗೆಯೇ ಮೂರು ಕೋಟಿ ಡಾಲರಿಗಿಂತ ಜಾಸ್ತಿ ಸೇರಿತು. ಕಳಿಸಿದವರು ವರದಿ ಓದಿ ಕಳಿಸಲಿಲ್ಲ, ಟಿವಿಯಲ್ಲಿ ಕಂಡ ಮುಖ ನೋಡಿ ಕಳಿಸಿದರು.

2021ರ ಆಗಸ್ಟ್ 14ರಂದು ಅಲ್ಲಿ ಮತ್ತೆ 7.2ರ ಭೂಕಂಪವಾಯಿತು. 2,200ಕ್ಕೂ ಹೆಚ್ಚು ಜನ ಸತ್ತರು. ಮಾರನೇ ದಿನ ಕಾಬೂಲ್ ತಾಲಿಬಾನ್ ಕೈಸೇರಿತು. ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು, ಹೈಟಿ ಮರೆತೇಹೋಯಿತು. ಫೋಟೊ ಇಲ್ಲದಿದ್ದರೆ ಆಗುವುದು ಇದೇ.

ಮಕ್ಕಳ ಮುಖ ತೋರಿಸುವ ಮುಂಚೆ ಹೆತ್ತವರನ್ನು ಕೇಳಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಬಂದ ಹಣ ಎಲ್ಲಿ ಹೋಯಿತು ಅನ್ನುವುದು ಬೇರೆಯೇ ಪ್ರಶ್ನೆ. ಮೊದಲು ಹಣ ಬರಬೇಕಲ್ವಾ?

ವಿರೋಧ

ನಮ್ಮದು ಮಲಪ್ರಭಾ ದಂಡೆಯ ಹಳ್ಳಿ. 2009ರ ಪ್ರವಾಹದಲ್ಲಿ ಮನೆಯ ಗೋಡೆ ಬಿತ್ತು, ಜೋಳದ ಹಗೇವಿಗೆ ನೀರು ನುಗ್ಗಿತು. ಶಾಲೆಯ ಅಂಗಳದಲ್ಲಿ ಪರಿಹಾರ ಹಂಚಲು ಯಾರೋ ಬಂದರು. ಅವ್ವನ ಪಾಳಿ ಬಂತು. ಚಾದರ ಕೊಟ್ಟವರು ಅದರ ಒಂದು ತುದಿ ಹಿಡಿದುಕೊಂಡೇ ನಿಂತರು, ಫೋಟೊ ಆಗುವವರೆಗೆ ಬಿಡಲಿಲ್ಲ. ಅವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. 'ಸೆರಗು ಸರಿಸಮ್ಮಾ, ಮುಖ ಕಾಣ್ತಿಲ್ಲ' ಅಂದರು. ಮನೆಗೆ ಬಂದವರಿಗೆ ರೊಟ್ಟಿ ಕೊಡದೆ ಕಳಿಸಿದವಳಲ್ಲ ನಮ್ಮವ್ವ. ಆ ಚಾದರವನ್ನು ಅವಳು ಒಂದು ದಿನವೂ ಹೊದೆಯಲಿಲ್ಲ.

ಮೂರು ತಿಂಗಳಿಗೆ ಹೈಟಿಯ ಫೋಟೊಗಳು ಬಂದವು. ನನಗೆ ಅವುಗಳಲ್ಲಿ ಕಂಡಿದ್ದು ಅವ್ವನೇ. ಸಿಟೆ ಸೊಲೇಯ್ ಕೊಳೆಗೇರಿಯ ಮಣ್ಣಿನ ಬಿಲ್ಲೆಗಳ ಫೋಟೊ ನೆನಪಿದೆಯಾ? ಮಣ್ಣು, ಉಪ್ಪು, ಡಾಲ್ಡಾದಂಥ ಜಿಡ್ಡು ಕಲಸಿ ಬಿಸಿಲಿಗೆ ಒಣಗಿಸಿದ್ದು. ಹಸಿವು ನಿಜ, 2008ರಲ್ಲಿ ಅಕ್ಕಿಯ ಬೆಲೆ ಏರಿದಾಗ ಜನ ಅದನ್ನು ಜಾಸ್ತಿ ತಿಂದರು. ಆದರೆ ಅಲ್ಲಿನ ಬಸುರಿಯರು ಅದನ್ನು ಮುಂಚಿನಿಂದಲೂ ತಿನ್ನುತ್ತಿದ್ದರು, ನಮ್ಮ ಬಸುರಿಯರು ಬಯಕೆಗೆ ಮಣ್ಣು ತಿಂದ ಹಾಗೆ. ಫೋಟೊ ಅದನ್ನು ಹೇಳಲಿಲ್ಲ. ಅಕ್ಕಿ ಯಾಕೆ ತುಟ್ಟಿಯಾಯಿತು ಅಂತಲೂ ಹೇಳಲಿಲ್ಲ. 1990ರ ದಶಕದಲ್ಲಿ ಅಕ್ಕಿಯ ಆಮದು ಸುಂಕ ಇಳಿಸಿದರು. ಅಮೆರಿಕದ ಅಗ್ಗದ ಅಕ್ಕಿ ನುಗ್ಗಿತು, ಅಲ್ಲಿನ ರೈತ ಮುಳುಗಿದ. ಆಮೇಲೆ ಹೊರಗಿನ ಅಕ್ಕಿಗೆ ಬೆಲೆ ಏರಿದಾಗ ಜನರಿಗೆ ಬೇರೆ ದಾರಿಯೇ ಇರಲಿಲ್ಲ. ಸುಂಕ ಇಳಿಸಿದ್ದು ತಪ್ಪಾಯಿತು ಅಂತ ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಸ್ವತಃ ಬಿಲ್ ಕ್ಲಿಂಟನ್ 2010ರಲ್ಲಿ ಒಪ್ಪಿಕೊಂಡರು.

ಇನ್ನೂ ಹಿಂದಿನದು ಕೇಳಿ. ಗುಲಾಮರು ಫ್ರಾನ್ಸ್ ಸೈನ್ಯವನ್ನು ಸೋಲಿಸಿ 1804ರಲ್ಲಿ ಕಟ್ಟಿಕೊಂಡ ದೇಶ ಅದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಕಳೆದುಕೊಂಡ ಗುಲಾಮರಿಗೂ ಬೆಲೆ ಕಟ್ಟಿತ್ತು! ಆಮೇಲೆ 9 ಕೋಟಿಗೆ ಇಳಿಸಿದರು. ಅದಕ್ಕಾಗಿ ಮಾಡಿದ ಸಾಲ ತೀರಲು 1947 ಆಯಿತು. ಆ ದೇಶವನ್ನು ಬರೀ 'ಅಯ್ಯೋ ಪಾಪ' ಅಂತ ತೋರಿಸುವುದು ನನಗೆ ಸಿಟ್ಟು ತರಿಸುತ್ತದೆ.

ಪರ ವಹಿಸುವವರಿಗೆ ಕಣ್ಣೀರು ಬಂದರೆ ಸಾಕು. ಕಣ್ಣೀರು ಏನು ಮಾಡಿಸಿತು ನೋಡಿ. ಭೂಕಂಪವಾದ ಕೆಲವೇ ದಿನಗಳಲ್ಲಿ ಅಮೆರಿಕದ ಮಿಷನರಿಗಳ ಒಂದು ಗುಂಪು 33 ಮಕ್ಕಳನ್ನು ಅನಾಥರೆಂದು ಗಡಿ ದಾಟಿಸಲು ಹೊರಟು ಸಿಕ್ಕಿಬಿತ್ತು. ಹೆಚ್ಚಿನ ಮಕ್ಕಳಿಗೆ ಅಪ್ಪ ಅಮ್ಮ ಇದ್ದರು. ಕುಸಿದ ಮನೆಗಳಿಂದ ಮೊದಲು ಜನರನ್ನು ಎಳೆದು ತೆಗೆದವರು ಅಕ್ಕಪಕ್ಕದವರೇ, ಬರಿಗೈಯಲ್ಲಿ. ಅವರ ಫೋಟೊ ಹಾಕಿ ನೆರವು ಕೇಳಲಿ, ನಾನೂ ಕೊಡುತ್ತೇನೆ. ಆ ಹಳೇ ಸಾಲವನ್ನು ಪರಿಶೀಲಿಸಲು ಇತಿಹಾಸಕಾರರ ಜಂಟಿ ಆಯೋಗ ಮಾಡುತ್ತೇವೆ ಅಂತ ಫ್ರಾನ್ಸ್ 2025ರಲ್ಲಿ ಹೇಳಿದೆ. ಫೋಟೊ ಹಂಚುವವರು ಈ ಸುದ್ದಿಯನ್ನೂ ಹಂಚಲಿ.