ಮಗು ಓದುವಾಗ ಪಕ್ಕದಲ್ಲಿ ಕೂತು ಕೇಳಿ

ಮುಂಬೈ ಹತ್ತಿರದ ಮೀರಾ ರೋಡ್, ಮುಂಬ್ರಾ ಕಡೆ ಇರುವ ನಮ್ಮ ಕರಾವಳಿಯವರ ಮನೆಗಳಲ್ಲಿ ಆನ್‌ಲೈನ್ ಕುರ್‌ಆನ್ ಕ್ಲಾಸ್ ಈಗ ಮಾಮೂಲಿ. ಓದಿಸುವ ಉಸ್ತಾದರು ಊರಲ್ಲಿ, ಮಗು ಇಲ್ಲಿ. ಸ್ಕೂಲು, ಟ್ಯೂಷನ್ ಮುಗಿಸಿ ಬಂದ ಮಗುವಿನ ಕಿವಿಗೆ ಇಯರ್‌ಫೋನ್ ಹಾಕಿ, ಮೊಬೈಲ್ ಮುಂದಿಟ್ಟು, ಬಾಗಿಲು ಮುಚ್ಚಿಬಿಡುತ್ತಾರೆ. ಸ್ವಲ್ಪ ದಿನಕ್ಕೇ ‘ಇವನಿಗೆ ಆಸಕ್ತಿನೇ ಇಲ್ಲ’ ಅನ್ನೋ ದೂರು ಶುರು. ನಾನು ಇದನ್ನು ಒಪ್ಪಲ್ಲ. ಒಬ್ಬನೇ ಕೂತು ಕೂತು ಮಗುವಿಗೆ ಬೇಜಾರಾಗಿರುತ್ತದೆ, ಅಷ್ಟೇ.

ಮದ್ರಸದಲ್ಲಿ ಎಲ್ಲರೂ ಒಟ್ಟಿಗೆ ಓದುತ್ತಾರೆ. ಒಬ್ಬ ತಡವರಿಸಿದರೆ ಪಕ್ಕದವನ ದನಿ ಎಳೆದುಕೊಂಡು ಹೋಗುತ್ತದೆ. ಆನ್‌ಲೈನಲ್ಲಿ ದನಿ ತಡವಾಗಿ ತಲುಪುವುದರಿಂದ ಜೊತೆಯಾಗಿ ಓದೋಕೆ ಆಗೋದೇ ಇಲ್ಲ. ಮಗು ಓದಬೇಕು, ಉಸ್ತಾದರು ತಿದ್ದಬೇಕು. ಅರ್ಧ ಗಂಟೆ ಬರೀ ತಿದ್ದಿಸಿಕೊಳ್ಳೋದು ದೊಡ್ಡವರಿಗೂ ಕಷ್ಟ, ಅಲ್ವಾ?

ನಾನು ಮಗಳ ಪಕ್ಕದಲ್ಲೇ ಕೂರುತ್ತೇನೆ. ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾದಲ್ಲಿ ‘ಅಲ್‌ಹಮ್ದು’ವಿನ ಹಕಾರ ಗಂಟಲ ನಡುವಿಂದ ಬರಬೇಕು, ‘ಇಹ್ದಿನಾ’ದ್ದು ಇನ್ನೂ ಕೆಳಗಿಂದ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಎರಡೂ ಒಂದೇ ಥರ ಕೇಳಿಸಿ ಅವಳಿಗೆ ಅಳು ಬರುತ್ತಿತ್ತು. ಕ್ಲಾಸ್ ಮುಗಿದ ಮೇಲೆ ಗಂಟಲ ಮೇಲೆ ಬೆರಳಿಟ್ಟುಕೊಂಡು ಇಬ್ಬರೂ ಹೇಳಿ ನೋಡಿದೆವು. ಆಮೇಲೆ ಅವಳೇ ನನ್ನನ್ನು ತಿದ್ದೋಕೆ ಶುರು ಮಾಡಿದಳು! ಇನ್ನೊಂದು ವಿಷಯ. ಸ್ವರವನ್ನು ಉದ್ದ ಎಳೆಯುವ ‘ಮದ್ದ್’ ಅನ್ನು ಆ್ಯಪ್ ಕೆಲವೊಮ್ಮೆ ಗದ್ದಲ ಅಂದುಕೊಂಡು ನುಂಗಿಬಿಡುತ್ತದೆ. ಝೂಮ್ ಆದರೆ ‘ಒರಿಜಿನಲ್ ಸೌಂಡ್’ ಆನ್ ಮಾಡಿ.

ಚಾಕೊಲೇಟು, ಗೇಮ್ ಆಸೆ ತೋರಿಸೋದು ನನಗೆ ಸರಿಬರಲ್ಲ. ಚಾಕೊಲೇಟ್ ನಿಂತ ದಿನ ಓದೂ ನಿಲ್ಲುತ್ತದೆ. ಅದರ ಬದಲು, ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲ ಅನ್ನೋ ಹದೀಸ್ (ಪ್ರವಾದಿಯವರ ಮಾತು) ಇದೆಯಲ್ಲ, ‘ಬುಖಾರಿ’, ‘ಮುಸ್ಲಿಂ’ ಅನ್ನೋ ಎರಡೂ ಹದೀಸ್ ಸಂಗ್ರಹಗಳಲ್ಲಿ ಇರೋದು, ಅದನ್ನು ಮಗುವಿಗೆ ಹೇಳಿ. ಕೌಸರ್ ಅನ್ನೋ ಸೂರಾದಲ್ಲಿ, ಅಂದರೆ ಅಧ್ಯಾಯದಲ್ಲಿ, ಇರೋದೇ 3 ಆಯತ್ (ವಚನ). ಅದು ಬಾಯಿಪಾಠವಾದ ದಿನ ಊರಿನ ಅಜ್ಜಿಗೆ ಫೋನ್ ಮಾಡಿಸಿ, ಮಗುವೇ ಓದಿ ಕೇಳಿಸಲಿ. ಚಿಕ್ಕಪ್ಪನ ಮಗ ಎಲ್ಲಿವರೆಗೆ ಓದಿದ್ದಾನೆ ಅನ್ನೋ ಮಾತು ಮಾತ್ರ ಎತ್ತಬೇಡಿ.

ದಣಿದ ದಿನ ಹೊಸ ಪಾಠ ಬೇಡ, ಹಳೆಯದನ್ನೇ ಓದಿಸಿ ಅಂತ ಉಸ್ತಾದರಿಗೆ ಹೇಳೋಕೆ ಸಂಕೋಚ ಯಾಕೆ? ಮಗು ಅವರ ದನಿ ಕೇಳಿದರೇ ಹೆದರುತ್ತಿದ್ದರೆ ಅದನ್ನೂ ಗೌರವದಿಂದಲೇ ಹೇಳಿ. ಆಗಲೂ ಸರಿಹೋಗದಿದ್ದರೆ ಬೇರೆ ಉಸ್ತಾದರನ್ನು ಹುಡುಕಿ.